‘ಬಟ್’ ಆದಮೇಲಿನ ಮಾತು

ಆ ಶನಿವಾರ ಬೋರ್ಡಿನ ಮೇಲೆ ನಾನು ಬರೆದ ಮೊದಲ ಸಾಲು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ‘ಟು ಪೇಂಟ್ ಸಮ್‌ಒನ್ ಇನ್ ಎ ಬ್ಯಾಡ್ ಲೈಟ್’. ಒಬ್ಬರು ಕೆಟ್ಟವರಾಗಿ ಕಾಣುವ ಹಾಗೆ ಮಾತಾಡುವುದು. ಅದರ ಕೆಳಗೆ ‘ಟು ರನ್ ಸಮ್‌ಒನ್ ಡೌನ್’, ಬಾಯಿಗೆ ಬಂದಂತೆ ಹಳಿಯುವುದು. ಅದಕ್ಕೂ ಕೆಳಗೆ ‘ಟು ಡ್ರ್ಯಾಗ್ ಸಮ್‌ಒನ್ಸ್ ನೇಮ್ ಥ್ರೂ ದ ಮಡ್’, ಅಂದರೆ ಹೆಸರನ್ನು ಕೆಸರಿನಲ್ಲಿ ಎಳೆದಾಡುವುದು. ಬರೆದು ಮುಗಿಸಿ, ಕೈಗೆ ಹತ್ತಿದ ಚಾಕ್‌ಪೀಸಿನ ಪುಡಿ ಕೊಡವಿಕೊಂಡು, “ಲೇಡೀಸ್, ಇವತ್ತು ಸ್ವಲ್ಪ ಖಾರದ ಐಟಮ್ಮು” ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಾಗರದಲ್ಲಿ ಹೆಂಗಸರಿಗೆ ಇಂಗ್ಲಿಷ್ ಕಲಿಸುವುದನ್ನು ನಾನು ಶುರು ಮಾಡಿದ್ದು ಹೊತ್ತು ಹೋಗಲಿ ಎಂದು. ಯಜಮಾನರು ತೀರಿಕೊಂಡ ಮೇಲೆ ತೀರ್ಥಹಳ್ಳಿ ಬಿಟ್ಟು, ತಂಗಿ ಇರುವ ಬೀದಿಯಲ್ಲೇ ಇರೋಣ ಎಂದು ಇಲ್ಲಿಗೆ ಬಂದೆ. ತಂಗಿಗೆ ಅವಳದೇ ಗೃಹಕೃತ್ಯ. ನನ್ನ ಕೈಯಲ್ಲಿ ಉಳಿದಿದ್ದ ಒಂದೇ ಒಡವೆ ಅಂದರೆ ಕಾನ್ವೆಂಟಿನ ಇಂಗ್ಲಿಷು. ಚಿಕ್ಕವಳಿದ್ದಾಗಲೇ ಬೋರ್ಡಿಂಗಿಗೆ ಹಾಕಿದ್ದರು. ಅಲ್ಲಿ ಒಬ್ಬರು ಸಿಸ್ಟರು ಊಟದ ಟೇಬಲ್ಲಿನ ಹತ್ತಿರ ನಿಂತು ದಿನಕ್ಕೊಂದು ಈಡಿಯಮ್ ಹೇಳಿಕೊಡುತ್ತಿದ್ದರು. ಅದರ ಮೇಲೆ ಒಂದು ವಾಕ್ಯ ಮಾಡಿದ ಮೇಲೆಯೇ ಪುಡಿಂಗ್. ನಾನು ಪುಡಿಂಗಿಗೆ ಆಸೆಪಟ್ಟದ್ದಕ್ಕಿಂತ ಆ ಮಾತುಗಳಿಗೆ ಆಸೆಪಟ್ಟದ್ದೇ ಹೆಚ್ಚು. ಹೊಳೆದಂಡೆಯ ನುಣುಪು ಕಲ್ಲು ಆರಿಸಿಟ್ಟುಕೊಳ್ಳುವ ಹಾಗೆ ಆರಿಸಿಟ್ಟುಕೊಂಡೆ.

ಮದುವೆಯಾಗಿ ತೀರ್ಥಹಳ್ಳಿಗೆ ಬಂದಾಗ ಆ ಮನೆಯಲ್ಲಿ ಇಂಗ್ಲಿಷ್ ಆಡುತ್ತಿದ್ದವರು ಯಜಮಾನರೊಬ್ಬರೇ. ನೆಂಟರು ಜಗುಲಿ ತುಂಬ ಕೂತಿರುತ್ತಿದ್ದರು. ನಾನು ಕಾಫಿ ಲೋಟ ಎತ್ತಿಕೊಳ್ಳಲು ಬಗ್ಗಿದಾಗ ಅವರು ಮೆಲ್ಲಗೆ, “ಡೋಂಟ್ ರನ್ ದೆಮ್ ಡೌನ್ ಟಿಲ್ ದೇ ಲೀವ್, ಮೈ ಡಿಯರ್” ಅನ್ನುತ್ತಿದ್ದರು. ಇವರು ಹೋಗುವ ತನಕವಾದರೂ ಆಡಿಕೊಳ್ಳಬೇಡ ಮಾರಾಯ್ತಿ ಅಂತ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡುತ್ತಿದ್ದೆ. ಅಂಥ ಮಾತಿನಿಂದ ಯಾರಿಗಾದರೂ ಪೆಟ್ಟಾದೀತು ಎಂದು ಇಷ್ಟು ವರ್ಷದಲ್ಲಿ ಒಂದು ದಿನವೂ ನನಗೆ ಅನ್ನಿಸಿದ್ದಿಲ್ಲ. ನನ್ನ ಪಾಲಿಗೆ ಅದು ಬರೀ ಚೆಲುವಿನ ಮಾತು.

ನಮ್ಮ ಕ್ಲಾಸು ನಡೆಯುವುದು ಮಹಿಳಾ ಸಮಾಜದ ಮಹಡಿ ಕೋಣೆಯಲ್ಲಿ, ಶನಿವಾರ ಸಂಜೆ ಕಾಫಿಯ ಹೊತ್ತಿಗೆ. ಬರುವವರೆಲ್ಲ ಮಾತಿನಲ್ಲಿ ಚುರುಕು, ಇಂಗ್ಲಿಷಿನಲ್ಲಿ ಮಾತ್ರ ನಾಚಿಕೆ. ಅವರಲ್ಲಿ ಮೂವರ ಬಗ್ಗೆ ಹೇಳಬೇಕು. ಒಬ್ಬರು ಬಸ್ ಸ್ಟ್ಯಾಂಡಿನ ಹತ್ತಿರ ಸೀರೆ ಅಂಗಡಿ ಇಟ್ಟವರು. ಇನ್ನೊಬ್ಬರು ಸ್ಕೂಲ್ ಟೀಚರು, ಹೊಸನಗರದ ಕಡೆಯಿಂದ ಮದುವೆಯಾಗಿ ಬಂದವರು. ಮೂರನೆಯವರು ಓನರಮ್ಮ. ಸ್ವಂತದ್ದೊಂದು ಮನೆ, ಕೆಳಗೆ ತಾವೊಬ್ಬರೇ ಇದ್ದು ಮೇಲಿನದನ್ನು ಬಾಡಿಗೆಗೆ ಕೊಡುತ್ತಾರೆ. ಮಾತು ಕಡಿಮೆ. ಯಾರು ಏನು ಹೇಳಿದರೂ ತಲೆ ಓರೆ ಮಾಡಿಕೊಂಡು ಕೇಳಿಸಿಕೊಳ್ಳುವುದು ಅವರ ಕ್ರಮ.

ಇವರೆಲ್ಲರ ಜೊತೆಗೆ ಒಬ್ಬಳು ಹುಡುಗಿ ಬರುತ್ತಿದ್ದಳು. ಹುಡುಗಿ ಅಂದರೆ ನನಗೆ ಹುಡುಗಿ, ಮೂವತ್ತು ದಾಟಿದವಳು. ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಗಂಡನಿಂದ ಬೇರೆಯಾಗಿ ಹೊಸನಗರ ಬಿಟ್ಟು ಬಂದು, ಸೀರೆ ಅಂಗಡಿಯ ಎದುರಿನ ಕಟ್ಟಡದಲ್ಲಿ ಒಂದು ಪಿಜಿ ರೂಮಿನಲ್ಲಿದ್ದಳು. ತಾಯಿ ತೀರ್ಥಹಳ್ಳಿ ಹತ್ತಿರದ ಮೇಳಿಗೆಯಲ್ಲಿ ಒಂದು ಬಾಡಿಗೆ ಮನೆಯಲ್ಲಿ ಒಬ್ಬರೇ. ಮಂಡಿ ನೋವು, ನೀರು ಸೇದಲು ಆಗುವುದಿಲ್ಲ. ಅವರನ್ನು ಕರೆತಂದು ಜೊತೆಯಲ್ಲಿ ಇಟ್ಟುಕೊಳ್ಳಬೇಕು ಎಂಬುದೊಂದೇ ಅವಳ ಯೋಚನೆ. ಅದಕ್ಕೆ ಮನೆ ಬೇಕು. ಒಂಟಿ ಹೆಂಗಸು ಅಂದಕೂಡಲೇ ನಮ್ಮೂರಿನಲ್ಲಿ ಮನೆ ಕೊಡುವವರ ಮುಖ ಹೇಗಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಎಷ್ಟೋ ಕಡೆ ಕೇಳಿ ಬೇಸತ್ತ ಮೇಲೆ ನಮ್ಮ ಓನರಮ್ಮನೇ ಒಂದು ದಿನ ಕ್ಲಾಸಿನಲ್ಲಿ, “ಮೇಲಿನ ಮನೆ ಖಾಲಿ ಆಗ್ತದೆ. ಅಮ್ಮನ್ನ ಕರ್ಕೊಂಡು ಬಾರೇ” ಅಂದರು. ಅವಳು ಎದ್ದು ಹೋಗಿ ಅವರ ಕೈ ಹಿಡಿದುಕೊಂಡಳು. ಟೀಚರು ಚಪ್ಪಾಳೆ ತಟ್ಟಿದರು. ಸೀರೆ ಅಂಗಡಿಯವರು, “ಹಾಲು ಉಕ್ಕಿಸುವಾಗ ನಮ್ಮನ್ನ ಮರೀಬೇಡ ಹಾಂ” ಅಂದರು.

ನಾನು ಹೇಳುತ್ತಿರುವ ಶನಿವಾರ ಅವಳು ಬಂದಿರಲಿಲ್ಲ. ತಾಯಿಯನ್ನು ಕರೆತರಲು ಮೇಳಿಗೆಗೆ ಹೋಗಿದ್ದಳು. ಮಾರನೆಯ ದಿನ ಭಾನುವಾರ ಕೀಲಿಕೈ ಕೊಡುವುದೆಂದು ಮಾತಾಗಿತ್ತು.

ನನ್ನ ಕ್ಲಾಸಿನಲ್ಲಿ ಒಂದು ರೂಲು. ಈಡಿಯಮ್ ಕಲಿತ ಮೇಲೆ ವಾಕ್ಯ ಮಾಡಬೇಕು, ಆ ವಾಕ್ಯ ನಮಗೆಲ್ಲ ಗೊತ್ತಿರುವ ಯಾರಾದರೊಬ್ಬರ ಮೇಲೆ ಇರಬೇಕು. ರಾಮ, ಸೀತಾ ಅಂತ ಪುಸ್ತಕದ ಹೆಸರು ಹಾಕಿದರೆ ತಲೆಯಲ್ಲಿ ನಿಲ್ಲುವುದಿಲ್ಲ. ಇನ್ನೊಂದು, ತಪ್ಪಿದ್ದರೆ ನಾನು ತಿದ್ದಿ ಬೋರ್ಡಿನ ಮೇಲೆ ಬರೆಯಬೇಕು, ಎಲ್ಲರೂ ಒಟ್ಟಿಗೆ ಓದಬೇಕು. ಹೀಗೆ ಎಷ್ಟೋ ತಿಂಗಳು ನಡೆದಿತ್ತು. ನನ್ನ ಮೇಲೆಯೇ ಎಷ್ಟೋ ವಾಕ್ಯ ಮಾಡಿದ್ದರು.

ಆ ದಿನ ನಾನು ಇನ್ನೊಂದು ಮಾತು ಸೇರಿಸಿದೆ. “ನೋಡಿ, ಈ ಈಡಿಯಮ್ಮುಗಳನ್ನು ಇಂಗ್ಲಿಷಿನವರು ನೇರವಾಗಿ ಬಳಸೋದು ಕಡಿಮೆ. ಐ ಡೋಂಟ್ ವಾಂಟ್ ಟು ರನ್ ಹರ್ ಡೌನ್, ಅಂತ ಶುರು ಮಾಡ್ತಾರೆ. ಅವಳನ್ನ ಹಳಿಯೋದು ನನ್ನ ಉದ್ದೇಶ ಅಲ್ಲ, ಅಂತ. ಆಮೇಲೆ ಒಂದು ಕಾಮಾ ಹಾಕಿ, ಬಟ್ ಅಂತಾರೆ.”

“ಬಟ್ ಆದಮೇಲೆ?” ಎಂದು ಸೀರೆ ಅಂಗಡಿಯವರು ಕೇಳಿದರು.

“ಆದಮೇಲೆ ಹೇಳೋದನ್ನ ಹೇಳ್ತಾರೆ.”

“ಭಾರಿ ಚೆನ್ನಾಗಿದೆ ಮೇಡಮ್ ಇದು! ಬೈದ ಹಾಗೂ ಆಯ್ತು, ಬೈಯದ ಹಾಗೂ ಆಯ್ತು.”

ಮೊದಲ ವಾಕ್ಯ ಅವರದೇ. ತಮ್ಮ ವಾರಗಿತ್ತಿಯ ಮೇಲೆ. ಐ ಡೋಂಟ್ ವಾಂಟ್ ಟು ಪೇಂಟ್ ಹರ್ ಇನ್ ಎ ಬ್ಯಾಡ್ ಲೈಟ್, ಬಟ್ ಶಿ ಪುಟ್ ಸಾಲ್ಟ್ ಟೂ ಟೈಮ್ಸ್ ಇನ್ ಸಾಂಬಾರ್ ಆ್ಯಂಡ್ ಸೇ ಮೈ ನೇಮ್. ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿ ನನ್ನ ಹೆಸರು ಹೇಳಿದಳು ಅಂತ. ಕೋಣೆಯೆಲ್ಲ ಗೊಳ್ಳೆಂದಿತು. ನಾನು ತಿದ್ದಿ ಬರೆದೆ.

ಆಮೇಲೆ ಟೀಚರ ಸರದಿ. ಅವರು ಕಿಟಕಿಯ ಕಡೆ ನೋಡಿ ಸ್ವಲ್ಪ ಯೋಚಿಸಿ, “ಐ ಡೋಂಟ್ ವಾಂಟ್ ಟು ರನ್ ಹರ್ ಡೌನ್, ಬಟ್ ಅವರ್ ಲ್ಯಾಬ್ ಫ್ರೆಂಡ್ ಲೆಫ್ಟ್ ಹರ್ ಹಸ್ಬೆಂಡ್” ಅಂದರು.

ನಮ್ಮ ಲ್ಯಾಬಿನ ಗೆಳತಿ ಗಂಡನನ್ನು ಬಿಟ್ಟು ಬಂದವಳು. ವಾಕ್ಯದಲ್ಲಿ ಏನೂ ತಪ್ಪಿರಲಿಲ್ಲ. ಬರೆದೆ.

ಸೀರೆ ಅಂಗಡಿಯವರು ಕುರ್ಚಿಯ ತುದಿಗೆ ಬಂದರು. “ಮೇಡಮ್, ಮೇಡಮ್, ನಂದು. ಐ ಡೋಂಟ್ ವಾಂಟ್ ಟು ಡ್ರ್ಯಾಗ್ ಹರ್ ನೇಮ್ ಥ್ರೂ ದ ಮಡ್, ಬಟ್ ಜೀಪ್ ಈಸ್ ಕಮಿಂಗ್ ಹರ್ ರೂಮ್ ಎನಿ ಟೈಮ್.” ಅವಳ ರೂಮಿಗೆ ಯಾವಾಗೆಂದರೆ ಆವಾಗ ಜೀಪು ಬರುತ್ತದೆ.

ನನ್ನ ಕೈ ಅಭ್ಯಾಸಬಲದಿಂದ ಬೋರ್ಡಿನ ಮೇಲೆ ಓಡಿತು. “ಈಸ್ ಕಮಿಂಗ್ ಅಲ್ಲ, ಕಮ್ಸ್. ಎನಿ ಟೈಮ್ ಅನ್ನೋದಕ್ಕಿಂತ ಅಟ್ ಆಲ್ ಅವರ್ಸ್ ಅನ್ನಿ, ಇನ್ನೂ ಚೆಂದ” ಎಂದು ಹೇಳುತ್ತ ಬರೆದುಬಿಟ್ಟೆ. ‘ಎ ಜೀಪ್ ಕಮ್ಸ್ ಟು ಹರ್ ರೂಮ್ ಅಟ್ ಆಲ್ ಅವರ್ಸ್.’ ಹೊತ್ತಲ್ಲದ ಹೊತ್ತಿನಲ್ಲಿ. ಎಲ್ಲರೂ ಒಟ್ಟಿಗೆ ಓದಿದರು.

“ವಿತ್ ಡಿಫರೆಂಟ್ ಮೆನ್” ಎಂದು ಹಿಂದಿನಿಂದ ಯಾರೋ ಸೇರಿಸಿದರು. ಬೇರೆ ಬೇರೆ ಗಂಡಸರ ಜೊತೆ. ನಗು. ಈ ನಗು ಸಾಂಬಾರಿನ ನಗುವಿನ ಹಾಗಿರಲಿಲ್ಲ.

ಆಗ ನಾನು ತಿರುಗಿ ನೋಡಿದ್ದು. ಇವರೇ ಅಲ್ಲವೇ ಹಾಲು ಉಕ್ಕಿಸಲು ಕರೆ ಅಂದವರು, ಚಪ್ಪಾಳೆ ತಟ್ಟಿದವರು? ಅವಳ ಬಗ್ಗೆ ಒಂದು ಕೆಟ್ಟ ಮಾತನ್ನು ಇವರ ಬಾಯಲ್ಲಿ ನಾನು ಈತನಕ ಕೇಳಿರಲಿಲ್ಲ. ಮುಖಗಳಲ್ಲಿ ಅದೆಂಥ ಕಳೆ!

“ಏನಿದು? ಇದೇ ಮಾತನ್ನ ಕನ್ನಡದಲ್ಲಿ ಹೇಳಿ ನೋಡೋಣ” ಅಂದೆ.

ಸೀರೆ ಅಂಗಡಿಯವರು ಎದೆಯ ಮೇಲೆ ಕೈ ಇಟ್ಟುಕೊಂಡರು. “ಅಯ್ಯೋ ಛೆ ಛೆ! ಕನ್ನಡದಲ್ಲಿ ಹೇಗೆ ಹೇಳೋದು ಮೇಡಮ್? ಚಾಡಿ ಹೇಳಿದ ಹಾಗಾಗ್ತದೆ.”

“ಈಗ ಹೇಳಿದ್ದು?”

“ಇದು ಎಕ್ಸರ್‌ಸೈಜ್ ಅಲ್ವಾ?”

ಅವರು ತಮಾಷೆಗೆ ಹಾಗಂದದ್ದಲ್ಲ. ನಿಜವಾಗಿಯೂ ಆಶ್ಚರ್ಯಪಟ್ಟು ನನ್ನನ್ನು ನೋಡುತ್ತಿದ್ದರು. ಇವತ್ತಿಗೆ ಸಾಕು ಎಂದು ಡಸ್ಟರ್ ತೆಗೆದುಕೊಂಡು ಬೋರ್ಡ್ ಒರೆಸಿದೆ. ಎಲ್ಲರೂ ಎದ್ದರು, ಛತ್ರಿ ಹುಡುಕಿಕೊಂಡರು, ಮೆಟ್ಟಿಲ ಮೇಲೆ ಕ್ಯಾಬೇಜಿನ ರೇಟು ಮಾತಾಡುತ್ತ ಇಳಿದುಹೋದರು. ಓನರಮ್ಮ ಮಾತ್ರ ಅವತ್ತು ಒಂದೂ ವಾಕ್ಯ ಮಾಡಿರಲಿಲ್ಲ. ಹೋಗುವಾಗ ಎಂದಿನಂತೆ “ಬರ್ತೇನೆ ಮೇಡಮ್” ಎಂದೂ ಹೇಳಲಿಲ್ಲ. ನಾನು ಅದನ್ನು ಗಮನಿಸಿದೆ, ಗಮನಿಸಿ ಸುಮ್ಮನಿದ್ದೆ. ಬೋರ್ಡ್ ಒರೆಸಿದ ಮೇಲೆ ಮಾತು ಮುಗಿಯಿತು ಅಂದುಕೊಂಡೆ.

ಭಾನುವಾರ ದೋಸೆ ಹುಯ್ಯುತ್ತಿದ್ದಾಗ ಫೋನು ಬಂತು. ಅವಳೇ. ಹಿಂದೆ ಬಸ್ಸಿನ ಹಾರ್ನು, ಕಂಡಕ್ಟರನ ಕೂಗು.

“ಮೇಡಮ್, ಹೊಸನಗರದಲ್ಲಿದ್ದೀನಿ. ಇಲ್ಲಿ ಗೆಳತಿ ಮನೇಲಿಟ್ಟಿದ್ದ ಸಾಮಾನೆಲ್ಲ ಗೂಡ್ಸ್ ಗಾಡಿಗೆ ಏರಿಸಿ ಆಯ್ತು. ಅಮ್ಮನೂ ಮುಂದೆ ಕೂತಿದ್ದಾರೆ. ಈಗ ಓನರಮ್ಮ ಫೋನ್ ಮಾಡಿ, ಮನೆ ಕೊಡೋಕಾಗಲ್ಲ, ಬೇರೆ ನೋಡ್ಕೋ ಅಂದ್ರು. ಎಂತಕ್ಕೆ ಅಂದ್ರೆ ಕಟ್ ಮಾಡಿದ್ರು. ಮೇಳಿಗೆ ಮನೆ ಬಿಟ್ಟುಕೊಟ್ಟಾಗಿದೆ. ಪಿಜಿಗೆ ಅಮ್ಮನ್ನ ಸೇರ್ಸೋದಿಲ್ಲ. ಏನಾಯ್ತು ಅಂತ ನಿಮಗೇನಾದ್ರೂ ಗೊತ್ತಾ?”

ಕಾವಲಿಯ ಮೇಲೆ ದೋಸೆ ಕರಿಹಿಡಿಯುತ್ತಿತ್ತು. ಒಲೆ ಆರಿಸಿ ಸ್ಟೂಲಿನ ಮೇಲೆ ಕೂತೆ. ಗೊತ್ತಿಲ್ಲ ಅನ್ನಲು ಆಗಲಿಲ್ಲ. ಕ್ಲಾಸಿನಲ್ಲಿ ನಿನ್ನ ಬಗ್ಗೆ ಮಾತು ಬಂತು, ಇಂಗ್ಲಿಷಿನಲ್ಲಿ ವಾಕ್ಯ ಮಾಡುವಾಗ, ಎಂದೆಲ್ಲ ತಡವರಿಸಿಕೊಂಡು ಹೇಳಿದೆ.

“ನಮ್ಮ ಮನೆಗೇ ಬನ್ನಿ ಇಬ್ಬರೂ. ಒಂದು ರೂಮು ಇದೆ” ಅಂದೆ.

“ಬೇಡ ಮೇಡಮ್. ಇವತ್ತು ನಾನು ಬೇರೆ ಬಾಗಿಲಿಗೆ ಹೋದ್ರೆ ಅವರು ಹೇಳಿದ್ದೇ ನಿಜ ಅಂತಾಗ್ತದೆ.” ಆಮೇಲೆ, “ಇಲ್ಲಿ ಹೊಸನಗರದಲ್ಲೂ ಜನ ಅಂದಿದ್ರು. ಆದ್ರೆ ಮುಖದ ಎದುರಿಗೇ ಅಂತಿದ್ರು. ನಾನೂ ಎದುರಿಗೇ ಜವಾಬು ಕೊಟ್ಟೆ. ಅಲ್ಲಿ ಸಾಗರದಲ್ಲಿ ಯಾರಿಗೆ ಕೊಡ್ಲಿ? ನೀವು ಓನರಮ್ಮನ ಮನೆ ಹತ್ರ ಬಂದು ನಿಲ್ತೀರಾ?”

ಇಂಗ್ಲಿಷಿಗೆ ಬಂದದ್ದರಿಂದ ಇವರ ಮಾತು ಕೆಟ್ಟಿತು ಎಂದು ನಾನು ರಾತ್ರಿಯಿಡೀ ಸಮಾಧಾನ ಮಾಡಿಕೊಂಡಿದ್ದೆ. ಆ ಸಮಾಧಾನವನ್ನೂ ಅವಳು ಎರಡು ಮಾತಿನಲ್ಲಿ ಕಿತ್ತುಕೊಂಡಳು; ಹೊಸನಗರದವರು ಅಂದದ್ದು ಕನ್ನಡದಲ್ಲೇ.

ನಾನು ಹೋಗಿ ನಿಂತಾಗ ಗಾಡಿ ಇನ್ನೂ ಬಂದಿರಲಿಲ್ಲ. ಓನರಮ್ಮ ಅಂಗಳದಲ್ಲಿ ಸೀಗೆಕಾಯಿ ಹರವಿಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದು, ಕುರ್ಚಿ ಹಾಕಿ, ಮಜ್ಜಿಗೆ ಬೇಕಾ ಎಂದು ಕೇಳಿದರು. ಏನೂ ಆಗದ ಹಾಗೆ. ಅಷ್ಟರಲ್ಲಿ ಗಾಡಿ ಬಂತು. ಮಂಚ, ಒಂದು ಬೀರು, ಮಡಿಸಿದ ಹಾಸಿಗೆ, ಪಾತ್ರೆಯ ಮೂಟೆ. ಮುಂದಿನ ಸೀಟಿನಿಂದ ತಾಯಿಯನ್ನು ಅವಳು ಹುಷಾರಾಗಿ ಇಳಿಸಿದಳು. ತಾಯಿ ಹೊಸ ಮನೆಗೆ ಬರುವಾಗಿನ ಒಳ್ಳೆಯ ಸೀರೆ ಉಟ್ಟಿದ್ದರು. ಅವರಿಗೆ ಇನ್ನೂ ಏನೂ ಗೊತ್ತಿರಲಿಲ್ಲ ಎಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

“ಅಮ್ಮಾ, ಬರೋದಕ್ಕೆ ಹೇಳಿದವರು ನೀವು. ಬೇಡ ಅಂದವರೂ ನೀವು. ಕಾರಣ ಹೇಳಿ, ಹೋಗ್ತೀನಿ” ಅಂದಳು ಅವಳು. ಧ್ವನಿ ಏರಿಸಲಿಲ್ಲ.

ಓನರಮ್ಮ ಸೆರಗಿನ ತುದಿ ಸುತ್ತಿದರು. “ಎಂತ ಹೇಳ್ಲಿ ಮಾರಾಯ್ತಿ. ಕೆಳಗೆ ನಾನೊಬ್ಬಳೇ ಇರೋದು. ಮೇಲಿನವರು ಎಂಥವರು ಅಂತ ನೋಡ್ಬೇಕಾಗ್ತದೆ. ಜನ ಹೇಳ್ತಾರೆ.”

“ಯಾವ ಜನ?”

ಓನರಮ್ಮ ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟ ನಾನು ಮರೆಯುವುದಿಲ್ಲ. ಅದರಲ್ಲಿ ಸಿಟ್ಟಿರಲಿಲ್ಲ, ನೀವೇ ಹೇಳಿ ಎಂಬ ಹಾಗೆ ಒಂದು ಮರ್ಯಾದೆ ಇತ್ತು.

“ಬೇರೆಯವರು ಹೇಳಿದ್ರೆ ನಾನು ಕಿವಿಗೆ ಹಾಕ್ಕೊಳ್ತಿರ್ಲಿಲ್ಲ. ಸೀರೆ ಅಂಗಡಿಯವಳ ಬಾಯಿ ನಂಗೆ ಗೊತ್ತಿಲ್ವಾ? ಆದ್ರೆ ಮೇಡಮ್ ಬರೆದ್ರು. ನಾವು ಹೇಳಿದ್ರಲ್ಲಿ ತಪ್ಪಿದ್ರೆ ಮೇಡಮ್ ತಿದ್ದುತ್ತಾರೆ. ಇದನ್ನೂ ತಿದ್ದಿದ್ರು. ತಿದ್ದಿ, ಸರಿ ಮಾಡಿ, ಎಲ್ಲರ ಕೈಲೂ ಓದಿಸಿದ್ರು. ಸುಳ್ಳಾಗಿದ್ರೆ ಬರೀತಿದ್ರಾ ಮೇಡಮ್ ನೀವು?”

ವ್ಯಾಕರಣ ತಿದ್ದಿದ್ದು ಕಣ್ರೀ, ನಿಜ ಸುಳ್ಳು ನೋಡಿ ಬರೆದದ್ದಲ್ಲ ಎಂದು ಹೇಳಬೇಕಿತ್ತು. ಆದರೆ ಅವರ ಲೆಕ್ಕದಲ್ಲಿ ಏನು ತಪ್ಪಿತ್ತು? ಇಷ್ಟು ತಿಂಗಳು ಈ ಹೆಂಗಸರು ನನ್ನ ಬೋರ್ಡಿನ ಮೇಲೆ ಇದ್ದದ್ದನ್ನು ಸರಿಯಾದದ್ದು ಎಂದು ನಂಬಿಕೊಂಡೇ ಬಂದಿದ್ದರು. ಸರಿಯಾದದ್ದು ಬೇರೆ, ನಿಜವಾದದ್ದು ಬೇರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನಂತೂ ಹೇಳಿರಲಿಲ್ಲ.

ಅವಳು ನನ್ನ ಕಡೆ ತಿರುಗಿದಳು. ವಾಕ್ಯ ಬೇರೆಯವರದು ಎಂದಷ್ಟೇ ನಾನು ಫೋನಿನಲ್ಲಿ ಹೇಳಿದ್ದೆ. ಬರೆದದ್ದು ನಾನು ಎಂದು ಹೇಳಿರಲಿಲ್ಲ.

“ಏನು ಬರೆದ್ರಿ ಮೇಡಮ್?”

“ಅದು ಎಕ್ಸರ್‌ಸೈಜು ಕಣೇ...” ಎಂದೆ. ಸೀರೆ ಅಂಗಡಿಯವರ ಮಾತೇ ನನ್ನ ಬಾಯಲ್ಲಿ ಬಂದಿತ್ತು.

“ಕನ್ನಡದಲ್ಲಿ ಹೇಳಿ. ಅಮ್ಮನಿಗೂ ತಿಳೀಲಿ.”

ಅಂಗಳದಲ್ಲಿ ಎಲ್ಲರೂ ನಿಂತಿದ್ದರು. ಗಾಡಿಯವನು ಹಗ್ಗ ಬಿಚ್ಚುವುದನ್ನು ನಿಲ್ಲಿಸಿದ್ದ. ಹೇಳದೆ ದಾರಿ ಇರಲಿಲ್ಲ. “ಇವಳ ಹೆಸರು ಕೆಡಿಸಬೇಕು ಅಂತಲ್ಲ. ಆದರೆ ಇವಳು ಗಂಡನ್ನ ಬಿಟ್ಟು ಬಂದವಳು. ಇವಳ ರೂಮಿಗೆ ಹೊತ್ತಲ್ಲದ ಹೊತ್ತಲ್ಲಿ ಜೀಪು ಬರ್ತದೆ.” ಅಷ್ಟು ಹೇಳಿ ನಿಲ್ಲಿಸಿದೆ. ‘ಅಟ್ ಆಲ್ ಅವರ್ಸ್’ ಎಂದು ಚೆಂದ ಮಾಡಿ ಬರೆದದ್ದು ಹೆತ್ತ ತಾಯಿಯ ಎದುರು ಕನ್ನಡದಲ್ಲಿ ಬಿದ್ದಾಗ ಎಂಥ ಹೊಲಸು ಮಾತಾಗಿ ಕೇಳಿಸಿತು! ಇಂಥದ್ದೊಂದನ್ನು ನನ್ನ ಬಾಯಿ ಆಡಿತು ಎಂದು ನಂಬುವುದು ನನಗೆ ಇವತ್ತಿಗೂ ಕಷ್ಟ.

ನಾನು ಅಳುವನ್ನು ನಿರೀಕ್ಷಿಸಿದ್ದೆ. ತಾಯಿ ಅಳಲಿಲ್ಲ. ಮಗಳ ತೋಳು ಹಿಡಿದುಕೊಂಡು, ಓನರಮ್ಮನನ್ನೇ ನೋಡಿ, “ಬರ್ತದೆ” ಅಂದರು. “ಆಸ್ಪತ್ರೆ ಜೀಪು. ಹೆರಿಗೆ ಕೇಸಿಗೆ ರಕ್ತ ಬೇಕಾದ್ರೆ, ಹೊಂದ್ತದಾ ಇಲ್ವಾ ಅಂತ ನೋಡ್ಲಿಕ್ಕೆ ಇವಳೇ ಹೋಗ್ಬೇಕು. ಬೆಳಗಿನ ಜಾವಕ್ಕೂ ಬರ್ತದೆ. ಡ್ರೈವರು ಬದಲಾಗ್ತಾರೆ. ಗಂಡನ್ನ ಬಿಟ್ಟದ್ದೂ ಹೌದು. ಕೈ ಮಾಡ್ತಿದ್ದ. ಬಿಟ್ಟು ಬಾ ಅಂತ ಹೇಳಿದವಳು ನಾನೇ. ಇನ್ನೇನು ಬರ್ದಿದ್ರು?”



“ಇದನ್ನ ನಂಗೆ ಮೊದ್ಲೇ ಹೇಳ್ಬಾರ್ದಿತ್ತಾ?” ಎಂದರು ಓನರಮ್ಮ, ಹುಡುಗಿಯ ಕಡೆ ತಿರುಗಿ.

“ನೀವು ಕೇಳಿದ್ರೆ ಹೇಳ್ತಿದ್ದೆ ಅಮ್ಮಾ. ನನ್ನನ್ನ ಯಾರೂ ಕೇಳ್ಲಿಲ್ಲ.”

ಓನರಮ್ಮ ಒಳಗೆ ಹೋದರು. ಅವರು ಬಾಗಿಲು ಹಾಕಿಕೊಂಡುಬಿಡುತ್ತಾರೆ ಎಂದು ನಾನು ಹೆದರಿದೆ. ಕೀಲಿಕೈ ಹಿಡಿದು ಬಂದರು. ಅದನ್ನು ಅವಳ ಕೈಗೆ ಕೊಡದೆ ತಾಯಿಯ ಕೈಗೆ ಕೊಟ್ಟು, “ಮೆಟ್ಟಿಲು ಸ್ವಲ್ಪ ಎತ್ತರ. ನಿಧಾನ ಹತ್ತಿ” ಅಂದರು. ಕ್ಷಮಿಸಿ ಗಿಮಿಸಿ ಏನೂ ಅನ್ನಲಿಲ್ಲ. ಆಮೇಲೆ ಗಾಡಿಯವನಿಗೆ ಜೋರು ಮಾಡಿದರು, ಬೀರು ಗೋಡೆಗೆ ತಾಗಿಸಬೇಡ ಅಂತ.

ನಾನು ಹೊರಟುಬಿಡಬೇಕಿತ್ತು. ಅದರ ಬದಲು ಪಾತ್ರೆಯ ಮೂಟೆಗೆ ಕೈ ಹಾಕಿದೆ. “ಇರ್ಲಿ ಮೇಡಮ್, ನಿಮಗೆ ಭಾರ ಆಗ್ತದೆ” ಎಂದು ಅವಳು ತೆಗೆದುಕೊಂಡಳು. ಒರಟಾಗಿ ಅಲ್ಲ, ಲ್ಯಾಬಿಗೆ ಬಂದ ಯಾರಿಗೋ ಹೇಳುವ ಹಾಗೆ. ತಾಯಿಯೇ ಮೇಲಿನಿಂದ, “ಅವರನ್ನ ಹಾಗೇ ಕಳಿಸ್ಬೇಡ ಕಣೇ, ಹಾಲು ಉಕ್ಕಿಸ್ಬೇಕು, ಇದ್ದು ಹೋಗ್ಲಿ” ಎಂದು ಕೂಗಿದರು.

ಹತ್ತಿ ಹೋದೆ. ಖಾಲಿ ಅಡುಗೆಮನೆ, ಸುಣ್ಣದ ವಾಸನೆ. ಓನರಮ್ಮ ತಮ್ಮ ಮನೆಯ ಹಾಲನ್ನೇ ಚೊಂಬಿನಲ್ಲಿ ತಂದುಕೊಟ್ಟರು. ಸ್ಟೌ ಹಚ್ಚಿ ಹಾಲಿಟ್ಟು ನಾವು ನಾಲ್ವರೂ ಅದನ್ನೇ ನೋಡುತ್ತ ನಿಂತೆವು. ಉಕ್ಕಿ ಚೆಲ್ಲಿದಾಗ ತಾಯಿ ಕೈಮುಗಿದರು. ಅವಳು ಮೂಟೆ ಬಿಚ್ಚಿ ಲೋಟ ತೆಗೆದು, ಸಕ್ಕರೆ ಕದಡಿ, ಮೊದಲು ಓನರಮ್ಮನಿಗೆ ಕೊಟ್ಟಳು. ಆಮೇಲೆ ನನಗೆ. ಕೊಡುವಾಗ ಲೋಟವನ್ನು ನೋಡುತ್ತಿದ್ದಳು.

ಏನಾದರೂ ಮಾತಾಡಬೇಕಲ್ಲ ಎಂದು, “ಶನಿವಾರ ಬರ್ತೀಯಲ್ಲ?” ಎಂದು ಕೇಳಿದೆ.

“ಡ್ಯೂಟಿ ಇದೆ ಮೇಡಮ್.”

“ಮುಂದಿನ ಶನಿವಾರ?”

“ಆವತ್ತೂ ಇದೆ” ಎಂದು ಹೇಳಿ, ಒರೆಸುವ ಬಟ್ಟೆ ತೆಗೆದುಕೊಂಡು ಸ್ಟೌ ಸುತ್ತ ಚೆಲ್ಲಿದ ಹಾಲನ್ನು ಒರೆಸತೊಡಗಿದಳು.